ಕರಿಹಲಗೆಯ ಮೇಲಿನ ಸಾಲು

ಗೆಳೆಯರೇ, ಇವತ್ತು ನಮ್ಮ ಪಂಚಾಯಿತಿ ಮೆಂಬರ್ ಸಾಹೇಬರು ನನಗೆ ಸುದ್ದಿ ಬರೆಯುವುದನ್ನು ಕಲಿಸಲು ಬಂದಿದ್ದರು.

ಇಳಕಲ್ ಕಡೆಯ ನಮ್ಮ ಊರಿನ ಗ್ರಂಥಾಲಯ ನೋಡಿಕೊಳ್ಳುವವಳು ನಾನು. ಬಾಗಿಲ ಪಕ್ಕದ ಕರಿಹಲಗೆಯಲ್ಲಿ ಮೇಲೊಂದು ಊರ ಸುದ್ದಿ, ಕೆಳಗೆ 'ಈ ವಾರ ಓದಿ' ಎಂದು ಒಂದು ಪುಸ್ತಕದ ಹೆಸರು ಬರೆಯುತ್ತೇನೆ. ಇವತ್ತಿನ ಸುದ್ದಿ: 'ಕೆಳಗಿನ ಓಣಿಯ ನಳಕ್ಕೆ ಸೋಮವಾರದಿಂದ ನೀರಿಲ್ಲ.' ಅದರ ಕೆಳಗೆ ಕುರಿ ಸಾಕಣೆಯ ಪುಸ್ತಕ.

ಪೇಪರ್ ಓದಲು ಬಂದ ಮೆಂಬರ್ ಹಲಗೆಯ ಮುಂದೆಯೇ ನಿಂತರು. ಅವರು ಗೆದ್ದು ಬಂದದ್ದು ಅದೇ ಓಣಿಯಿಂದ.

"ಅಕ್ಕಾರ, ಇದನ್ನ ಅಳಸ್ರಿ. ಊರ ಸುದ್ದಿ ಅಂದ್ರ ಚಲೋ ಸುದ್ದಿ ಇರಬೇಕು. ಯಾರಿಗೆ ಸನ್ಮಾನ ಆತು, ಯಾರ ಮಗಳು ಪಾಸಾದ್ಲು, ಅಂಥಾವು."

"ನೀರು ಬಿಡಸ್ರಿ ಸಾಹೇಬ್ರ, ಅದನ್ನೂ ಬರಿತೇನಿ. ಅದಕ್ಕಿಂತ ಚಲೋ ಸುದ್ದಿ ಯಾವುದೈತಿ?"

ಅವರು ದನಿ ತಗ್ಗಿಸಿದರು. "ನಿಮಗ ಪಗಾರ ಕೊಡೂದು ಪಂಚಾಯಿತಿ, ನೆನಪಿರ್ಲಿ. ಜನ ಏನ್ ಓದಬೇಕು ಅಂತ ಹೇಳೂದು ನಿಮ್ಮ ಕೆಲಸ. ಅಷ್ಟ ಮಾಡ್ರಿ."

"ಆತ್ರಿ," ಎಂದು ಡಸ್ಟರ್ ಎತ್ತಿಕೊಂಡೆ. ಅವರು ಸಮಾಧಾನದಿಂದ ಪೇಪರ್ ಬಿಡಿಸಿದರು. ನಾನು ಕುರಿ ಪುಸ್ತಕವನ್ನು ಅಳಿಸಿ ಅಲ್ಲಿ ಬರೆದೆ: 'ಈ ವಾರ ಓದಿ: ಮೇಲಿನ ಸಾಲು.'

ಬೋರಿನ ನೀರಿಗೆ ಹೊರಟ ಹೆಂಗಸರು ಸಂಜೆಯವರೆಗೂ ಖಾಲಿ ಕೊಡ ಹಿಡಿದು ನಿಂತು ಓದಿ ಹೋದರು. ನಮ್ಮ ಯಾವ ಪುಸ್ತಕಕ್ಕೂ ಒಂದೇ ದಿನ ಇಷ್ಟು ಓದುಗರು ಸಿಕ್ಕಿರಲಿಲ್ಲ.

ಡಸ್ಟರ್ ಈಗ ನಮ್ಮ ಮನೆಯಲ್ಲಿದೆ. ನಳಕ್ಕೆ ನೀರು ಬಂದ ದಿನ ವಾಪಸ್ ಒಯ್ಯುತ್ತೇನೆ.