ಪೇಟಿ ಚಾಚಾನ ಬೈಗುಳ

ಮೊನ್ನೆ ಅಟ್ಟದಿಂದ ಹಳೆಯ ಪೇಟಿ ಇಳಿಸಿ ತಿದಿ ಎಳೆದೆ. ಚರ್ಮ, ಸರೇಸು, ಇಲಿ ಮೂರರ ವಾಸನೆಯೂ ಒಟ್ಟಿಗೆ ಮೂಗಿಗೆ ಬಡಿಯಿತು. ಆ ವಾಸನೆಯ ಹಿಂದೆಯೇ ಬೆಟಗೇರಿಯ ನಮ್ಮ ಪಕ್ಕದ ಮನೆಯ ಚಾಚಾ ಬಂದರು... ಬೈಯುತ್ತಲೇ ಬಂದರು.

ಚಾಚಾ ಹಾರ್ಮೋನಿಯಂ ರಿಪೇರಿ ಮಾಡುತ್ತಿದ್ದರು. ನಮ್ಮ ಕಡೆ ಅದು ಪೇಟಿ. ಶಿರಹಟ್ಟಿ, ಮುಂಡರಗಿ ಕಡೆಯ ಭಜನೆಯವರ ಪೇಟಿಗಳೆಲ್ಲ ಅವರ ಪಡಸಾಲೆಯಲ್ಲಿ ಸಾಲಾಗಿ ಕೂತಿರುತ್ತಿದ್ದವು. ಹೇಳಿದ ದಿನಕ್ಕೆ ಒಂದನ್ನೂ ಕೊಟ್ಟವರಲ್ಲ. ಯಾರೇ ಬಾಗಿಲಿಗೆ ಬರಲಿ, "ನಾಳಿ ಬರ್ರಿ" ಎನ್ನುವುದು ಬಾಯಿಪಾಠವಾಗಿತ್ತು.

ಗದಗ ಜಿಲ್ಲೆಯಾಗಿ ಎರಡು ಮೂರು ವರ್ಷಕ್ಕೆ ಅವರಿಗೆ ಮರೆವಿನ ಕಾಯಿಲೆ ಹತ್ತಿತು. ಹೊಸ ಜಿಲ್ಲೆಯನ್ನು ಮರೆತರೆ ಮರೆಯಲಿ, ಚಾಚಿಯನ್ನೇ ಮರೆತುಬಿಟ್ಟರು! ಹೆಂಡತಿ ಚಹಾ ತಂದಿಟ್ಟರೆ ಕತ್ತೆತ್ತಿ ನೋಡಿ, "ಬಾಯಾರ, ನಿಮ್ಮ ಪೇಟಿ ಇನ್ನೂ ಆಗಿಲ್ರಿ, ನಾಳಿ ಬರ್ರಿ" ಎಂದರು. ನಾವು ಬಿದ್ದು ಬಿದ್ದು ನಕ್ಕೆವು. ಚಾಚಿಯೂ ನಕ್ಕರು. ಆಮೇಲೆ ನಮ್ಮ ಅಡುಗೆಮನೆಗೆ ಬಂದು ಅವ್ವನ ಮುಂದೆ ಅತ್ತರು. "ಒಂದ್ ಸಲರ ನನ್ನ ಗುರ್ತು ಹಿಡಿದ್ರ ಸಾಕವಾ."

ಪೇಟಿಯ ಗುರುತು ಮಾತ್ರ ತಪ್ಪಲಿಲ್ಲ. ಕಣ್ಣು ಮುಚ್ಚಿ ಒಂದೇ ಸ್ವರ ಕೇಳಿ, "ಇದು ಮುಂಡರಗಿದು, ನೆಗಡಿ ಆಗೇತಿ" ಎನ್ನುತ್ತಿದ್ದರು. ಮಿದುಳಿನಿಂದ ಹೆಸರುಗಳು ಹೋದರೂ ಹಾಡು ಬಹಳ ದಿನ ಉಳಿಯುತ್ತದೆ ಎಂದು ಗದಗಿನ ಡಾಕ್ಟರರು ಹೇಳಿದ್ದರಂತೆ.

ಒಂದು ದಿನ ಚಾಚಿ ರೊಟ್ಟಿ ಬಡಿಯುತ್ತ ಯಾವುದೋ ಮದುವೆಯ ಹಾಡು ಗುನುಗುತ್ತಿದ್ದರು. ಹೆಂಚಿನ ಕಡೆ ಗಮನ ಹೋಗಿ ಪಂಚಮ ಜಾರಿತು. ಪಡಸಾಲೆಯಿಂದ ಚಾಚಾ ಗುಡುಗಿದರು.

"ಲೇ! ಪಂಚಮ ಎಲ್ಲಿ ಚೆಲ್ಲಿ ಬಂದಿ? ಲಗ್ನಾದಾಗಿಂದ ಹೇಳಾಕ ಹತ್ತೀನಿ, ನಿನ್ನ ತಲ್ಯಾಗ ಹೋಗವಲ್ದು!"

ಚಾಚಿ ಹಿಟ್ಟಿನ ಕೈಯಲ್ಲೇ ಓಡಿಬಂದು ಎದುರು ನಿಂತರು. ಬೈಸಿಕೊಂಡು ಅಷ್ಟು ಸಂತೋಷಪಟ್ಟ ಹೆಂಗಸನ್ನು ನಾನು ಮತ್ತೆ ನೋಡಿಲ್ಲ.

ಅಂದಿನಿಂದ ದಿನಾ ಹಾಡು, ದಿನಾ ಅಪಸ್ವರ, ದಿನಾ ಬೈಗುಳ. ಓಣಿಗೆ ಓಣಿಯೇ ಕಿವಿ ಮುಚ್ಚಿಕೊಂಡಿತು. ಕಡೆಗೆ ನಾನೇ ಕೇಳಿದೆ, "ಚಾಚಿ, ಒಂದಿನರ ಸರಿ ಹಾಡ್ರಿ."

"ಸರಿ ಹಾಡಿದ್ರ ಮತ್ತ ನಾಳಿ ಬರ್ರಿ ಅಂತಾರೋ" ಎಂದರು.

ಚಾಚಾ ತೀರಿಕೊಂಡು ಕೆಲವು ತಿಂಗಳಾದ ಮೇಲೆ, ಒಂದು ಸಂಜೆ ಗೋಡೆಯಾಚೆಯಿಂದ ಅದೇ ಹಾಡು ಕೇಳಿಸಿತು. ಪಂಚಮ ಕೂದಲೆಳೆಯಷ್ಟೂ ಜಾರಲಿಲ್ಲ. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಈಗ ಚಾಚಿಯೂ ಇಲ್ಲ. ಮೊನ್ನೆ ಪೇಟಿಯ ಧೂಳು ಒರೆಸಿ, ಆ ಹಾಡು ನುಡಿಸುತ್ತ, ಪಂಚಮ ಬರುವಲ್ಲಿ ಬೇಕೆಂದೇ ಪಕ್ಕದ ಸ್ವರ ಒತ್ತಿದೆ. ಸ್ವಲ್ಪ ಹೊತ್ತು ಕಾದೆ... ಯಾರೂ ಬೈಯಲಿಲ್ಲ.