ಕೆಂಪಿ ಉಳಿದ ಪುಟ

ಗಂಗಣ್ಣ ತಾವು ಬರೆದ ಕಾದಂಬರಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡುತ್ತಿದ್ದರು. ನಮ್ಮ ತಿಪಟೂರು ಸೀಮೆಯಲ್ಲಿ ಅಟ್ಟಕ್ಕೆ ಹಾಕಿದ ತೆಂಗಿನಕಾಯನ್ನು ಹಾಗೆ ನೋಡುತ್ತಾರೆ. ವರ್ಷ ಕಳೆದು, ನೀರೆಲ್ಲ ಇಂಗಿ, ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟಿದ್ದರೆ ಗಡಗಡ ಸದ್ದು ಬರುತ್ತದೆ. ಆಮೇಲೇ ಸುಲಿಯುವುದು. ಗಂಗಣ್ಣ ಬರೆದು ಮುಗಿಸಿದ್ದನ್ನೂ ಬಟ್ಟೆಯಲ್ಲಿ ಕಟ್ಟಿ ಅದೇ ಕಾಯಿರಾಶಿಯ ಮೇಲೆ ಒಂದು ವರ್ಷ ಇಡುತ್ತಿದ್ದರು.

“ಹಸೀದ್ರಲ್ಲೇ ಒಡದ್ರೆ ಬರೀ ನೀರು ಕಣ್ರೀ ಮೇಷ್ಟ್ರೇ.”

ಕಾಗದದ ಕಟ್ಟು ಎಂಥ ಸದ್ದು ಮಾಡೀತು ಎಂದು ನಾನು ಕೇಳಲಿಲ್ಲ. ಬೇಸರ ಮಾಡಿಕೊಂಡಾರೆಂಬ ಭಯ. ಆಗಲೂ ನನಗೆ ಭಯಪಡುವುದು ಬಿಟ್ಟರೆ ಬೇರೆ ಹವ್ಯಾಸವಿರಲಿಲ್ಲ.

ಅದು ಎಪ್ಪತ್ತರ ದಶಕದ ಕೊನೆ. ನೊಣವಿನಕೆರೆಯಲ್ಲಿ ನಾನು ಹೈಸ್ಕೂಲಿನ ಕನ್ನಡ ಮೇಷ್ಟ್ರು, ಅವರು ದನದ ಆಸ್ಪತ್ರೆಯ ಕಾಂಪೌಂಡರ್. ವಾರಪತ್ರಿಕೆಯೊಂದರಲ್ಲಿ ನನ್ನದೊಂದು ಕಥೆ ಅಚ್ಚಾಗಿದ್ದ ತಪ್ಪಿಗೆ ನಾನು ಊರಿಗೆಲ್ಲ ಸಾಹಿತ್ಯದ ಡಾಕ್ಟರು. ಅವರನ್ನು ಯಾರಾದರೂ ಡಾಕ್ಟ್ರೇ ಎಂದರೆ ಮಾತ್ರ ಸಿಡುಕುತ್ತಿದ್ದರು: “ಡಾಕ್ಟ್ರು ತಿಪಟೂರಿಂದ ಬತ್ತಾರೆ ಕಣಪ್ಪ, ನಾನು ಕಾಂಪೌಂಡರ್. ನಿನ್ ಎಮ್ಮೆಗೆ ಗೊತ್ತೈತೆ, ನಿಂಗ್ ಗೊತ್ತಿಲ್ಲ.” ಎತ್ತಿಗೆ ಬಿದಿರಿನ ಗೊಟ್ಟದಲ್ಲಿ ಔಷಧಿ ಕುಡಿಸಿ, ಫಿನಾಯಿಲ್ ವಾಸನೆಯ ಕೈಯಲ್ಲೇ ಬಂದು ನಿಲ್ಲಿಸಿದ ಸಾಲನ್ನು ಮುಂದುವರಿಸುತ್ತಿದ್ದರು. ನಿವೃತ್ತಿಯೊಳಗೆ ತಮ್ಮ ಹೆಸರಿನದೊಂದು ಪುಸ್ತಕ ಕಣ್ಣಲ್ಲಿ ನೋಡಬೇಕೆಂಬುದು ಅವರ ಆಸೆ.

ಮೊದಲ ಎರಡು ಕಾದಂಬರಿಗಳು ಬೆಂಗಳೂರಿಗೆ ಹೋಗಿ, ಸಂತೆಯಲ್ಲಿ ಗಿರಾಕಿ ಸಿಗದ ಹೋರಿಗಳಂತೆ ವಾಪಸಾಗಿದ್ದವು. ಮೂರನೆಯದಕ್ಕೆ ಪ್ರಕಾಶಕರಿಂದ ಉತ್ತರ ಬಂತು. ಗಂಡನ ಮನೆಗೆ ಹೊರಟು ನಿಂತ ಜಯಮ್ಮ, ತಾನು ಸಾಕಿದ ಕೆಂಪಿ ಎಂಬ ಹಸು ಈಯುವ ತನಕ ಹೊಸಿಲು ದಾಟುವುದಿಲ್ಲವೆಂದು ಹಟ ಹಿಡಿಯುವ ಕಥೆ ಅದು. ಹುಡುಗಿ ಚೆನ್ನಾಗಿದ್ದಾಳೆ, ಹಸು ಜಾಸ್ತಿಯಾಯಿತು, ಹಸುವನ್ನು ತೆಗೆದು ತಿಂಗಳೊಳಗೆ ಕಳಿಸಿದರೆ ಅಚ್ಚು ಮಾಡುತ್ತೇವೆ ಎಂದು ಬರೆದಿದ್ದರು.

“ಹಸು ತಗುದ್ರೆ ಅವ್ಳು ಯಾಕ್ರೀ ಮನೇಲಿ ನಿಂತವ್ಳೆ?” ಎಂದರು ಗಂಗಣ್ಣ.

“ಮೊದ್ಲು ಒಂದು ಅಚ್ಚಾಗ್ಲಿ ಗಂಗಣ್ಣ. ಹಸು ಮುಂದಿನ ಪುಸ್ತಕಕ್ಕೆ ಬರ್ಲಿ.”

“ಈ ಮಾತು ನೀವೇ ಹೇಳ್ತಾ ಇದೀರಾ?”

“ನಾನೇ ಹೇಳ್ತಾ ಇದೀನಿ.”

“ಹಂಗಾದ್ರೆ ಬುಡಿ.”

ಮುಂದಿನ ಭಾನುವಾರ ಆಸ್ಪತ್ರೆಯ ಜಗಲಿಯಲ್ಲಿ ಕೂತು ಹಸುವಿನ ಸಾಲುಗಳನ್ನೆಲ್ಲ ಕೆಂಪು ಪೆನ್ಸಿಲಿನಿಂದ ತಾವೇ ಹೊಡೆದುಹಾಕತೊಡಗಿದರು. ಕೆಂಪಿ ಕರು ಹಾಕುವ ಅಧ್ಯಾಯ ಬಂದಾಗ ಪೆನ್ಸಿಲ್ ನನ್ನ ಕಡೆ ಚಾಚಿ, “ಇದೊಂದು ನೀವೇ ಮಾಡಿ, ನನ್ ಕೈಲಾಗಕಿಲ್ಲ,” ಎಂದು ಎದ್ದು ಹೋದರು. ಹೊರಗೆ ಕಟ್ಟಿದ್ದ ಯಾರದೋ ಕರುವಿನ ಕಿವಿ ತಿರುವಿ ಉಣ್ಣೆಹುಳ ಹುಡುಕುತ್ತ ನಿಂತರು. ಆ ಅಧ್ಯಾಯವನ್ನು ನಾನು ಹೊಡೆದುಹಾಕಿದೆ. ಪರೀಕ್ಷೆಯ ಪೇಪರು ತಿದ್ದಿ ಪಳಗಿದ ಕೈ, ಸರಾಗವಾಗಿಯೇ ಓಡಿತು. ಈ ಸಲ ಅಟ್ಟವಿಲ್ಲ, ಅಲ್ಲಾಡಿಸುವುದೂ ಇಲ್ಲ. ಮಾರನೆಯ ದಿನವೇ ಟಪಾಲಿಗೆ ಹೋಯಿತು.

ಆಮೇಲೆ ಪ್ರಕಾಶಕರು ಹಿಂಬದಿಯ ರಕ್ಷಾಪುಟಕ್ಕೆಂದು ಲೇಖಕರ ವೃತ್ತಿ, ಪರಿಚಯ ಕೇಳಿದರು. ಗಂಗಣ್ಣ ಬರೆದು ಕಳಿಸಿದ್ದು: ‘ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್. ಕರು ಅಡ್ಡ ತಿರುಗಿದ್ದರೆ ಸರಿ ಮಾಡಬಲ್ಲೆ.’ ಅಚ್ಚಾಗಿ ಬಂದದ್ದು: ‘ಗ್ರಾಮೀಣ ಬದುಕಿನ ಸೂಕ್ಷ್ಮ ವೀಕ್ಷಕರು.’

“ಯಾರ್ರೀ ಇವ್ರು?” ಎಂದು ಕೇಳಿದರು. ನಾನು ನಕ್ಕೆ. ಅವರು ನಗಲಿಲ್ಲ.

ಕರಡು ತಿದ್ದಿದವನು ನಾನೇ. ಆದರೂ ‘ಜಯಮ್ಮ ಕೆಂಪಿಗೆ ಹುಲ್ಲು ಹಾಕಿ ಒಳಗೆ ಬಂದಳು’ ಎಂಬ ಒಂದು ಸಾಲು ಕಣ್ತಪ್ಪಿ ಉಳಿದುಬಿಟ್ಟಿತ್ತು. ಕೆಂಪಿ ಯಾರೆಂದು ಇಡೀ ಪುಸ್ತಕದಲ್ಲಿ ಮತ್ತೆಲ್ಲೂ ಇಲ್ಲ! ಅಚ್ಚಾದ ಮೇಲೆ ಅದು ಕಂಡು ನನಗೆ ಊಟ ಸೇರಲಿಲ್ಲ. ಗಂಗಣ್ಣನ ಕಣ್ಣಿಗೆ ಬೀಳದಿರಲಪ್ಪಾ ಎಂದು ಕಂಡ ದೇವರಿಗೆಲ್ಲ ಕೈಮುಗಿದೆ.

ಅವರು ಮತ್ತೆ ಬರೆಯಲಿಲ್ಲ. ಮುಂದಿನದು ಯಾವಾಗ ಎಂದರೆ, “ಅಟ್ಟದಾಗೆ ಇಲಿ ಜಾಸ್ತಿ ಆಗವೆ ಮೇಷ್ಟ್ರೇ,” ಎಂದು ಮಾತು ತಿರುಗಿಸುತ್ತಿದ್ದರು. ನನಗೆ ತುರುವೇಕೆರೆ ಕಡೆಗೆ ವರ್ಗವಾಯಿತು. ಅಲ್ಲಿಗೆ ಹೋದ ಮೇಲೆ ಭೇಟಿಗಳು ಕಡಿಮೆಯಾದವು. ಅವರ ಮುಖ ನೋಡುವುದು ತಪ್ಪಿದ್ದೇ ಒಳ್ಳೆಯದಾಯಿತೆಂದು ಒಳಗೊಳಗೇ ಅನಿಸಿತ್ತು ಕೂಡ.

ಕೆಲವು ವರ್ಷಗಳ ಮೇಲೆ, ಅವರು ಹಾಸಿಗೆ ಹಿಡಿದಿದ್ದಾರೆಂದು ಕೇಳಿ ಬಸ್ಸು ಹತ್ತಿದೆ. ಪಡಸಾಲೆಯ ಮಂಚದಲ್ಲಿ ಮಲಗಿದ್ದರು. ದಿಂಬಿನ ಪಕ್ಕದಲ್ಲಿ ಆ ಪುಸ್ತಕ, ಅದರ ನಡುವೆ ಗುರುತಿಗೊಂದು ತೆಂಗಿನ ಗರಿಯ ಕಡ್ಡಿ. ಕಡ್ಡಿಯಿದ್ದ ಕಡೆ ಬಿಡಿಸಿ ಆ ಸಾಲಿನ ಮೇಲೆ ಬೆರಳಿಟ್ಟರು.

“ಒಂದ್ ಕಡೆನಾದ್ರೂ ಇರ್ಲಿ ಅಂತ ಬೇಕಂತ್ಲೇ ಬುಟ್ರಿ, ಅಲ್ವಾ? ನಂಗೆ ಆವತ್ತೇ ಗೊತ್ತಾಯ್ತು. ಬಾಯ್ಬಿಟ್ರೆ ಎಲ್ಲಿ ನಿಮ್ಗೆ ತೊಂದ್ರೆ ಆಯ್ತದೋ ಅಂತ ಸುಮ್ಕಿದ್ದೆ.”

ನನ್ನ ತಲೆ ತಾನಾಗಿ ಹೌದೆಂಬಂತೆ ಅಲ್ಲಾಡಿತು.

ಅವರು ಒಳಗೆ ಕೂಗಿ ಹೆಂಡತಿಗೆ ಹೇಳಿದರು: “ಮೇಷ್ಟ್ರಿಗೆ ಕಾಫಿ ಕೊಡೇ, ಗಟ್ಟಿ ಹಾಲಿಂದು. ನಮ್ ಕೆಂಪೀನ ಉಳಿಸ್ದೋರು ಕಣೇ.”

ಅವರನ್ನು ನಾನು ನೋಡಿದ್ದು ಅದೇ ಕೊನೆ. ಕಾಫಿ ಬಂತು, ದೊಡ್ಡ ಲೋಟದ ತುಂಬ. ಬೇಡವೆನ್ನಲಾಗಲಿಲ್ಲ. ಅವರು ನೋಡುತ್ತಿದ್ದಂತೆಯೇ ಪೂರ್ತಿ ಕುಡಿದೆ.