ಮೋದ್ರಿಯೆ ಎಂಬ ಹಳೆಯ ಮಾತು

ನಾನು ಮದುವೆಯಾಗಿ ಮಸ್ಕತ್ತಿಗೆ ಬಂದಾಗ ನನಗೆ ನಲವತ್ತು ಹತ್ತಿರವಾಗಿತ್ತು. ಗಂಡನಿಗೆ ಅದು ಎರಡನೆಯ ಮದುವೆ. ಮೊದಲ ಹೆಂಡತಿ ಕಾಯಿಲೆಯಿಂದ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಹನ್ನೆರಡು ತುಂಬಿದ ಮಗಳೊಬ್ಬಳಿದ್ದಳು. ಅಲ್ ಖೌದ್‌ನಲ್ಲಿ, ವಿಶ್ವವಿದ್ಯಾಲಯದ ಕಡೆಗೆ ಹೋಗುವ ರಸ್ತೆಯ ಪಕ್ಕದ ಎರಡಂತಸ್ತಿನ ಕಟ್ಟಡದಲ್ಲಿ ನಮ್ಮದು ಮೇಲಿನ ಮನೆ. ಕೆಳಗೆ ಕಟ್ಟಡದ ಒಡೆಯನ ತಾಯಿ ಇದ್ದರು. ಒಮಾನಿನವರೇ ಆದ ಆ ಮುದುಕಿಗೆ ಹಿಂದಿ ಚೆನ್ನಾಗಿ ಬರುತ್ತಿತ್ತು. ಅದರ ನಡುನಡುವೆ ಅರಬ್ಬಿ ಸೇರಿಸಿ ಮಾತಾಡುತ್ತಿದ್ದರು.

ಮೈಸೂರಿನಲ್ಲಿ ಮದುವೆಯ ದಿನ ನೆಂಟರು ಆ ಹುಡುಗಿಯನ್ನು ನನ್ನ ಮುಂದೆ ತಂದು ನಿಲ್ಲಿಸಿ, "ಚಿಕ್ಕಮ್ಮ ಅನ್ನು, ಎಲ್ಲಿ, ಒಂದ್ಸಲ ಅನ್ನು" ಎಂದು ಪೀಡಿಸಿದ್ದರು. ಅವಳು ತುಟಿ ಬಿಗಿಹಿಡಿದು ನೆಲ ನೋಡುತ್ತಿದ್ದಳು. ನಮ್ಮ ಕಡೆ ಅಮ್ಮನ ತಂಗಿಯೂ ಚಿಕ್ಕಮ್ಮ, ಅಪ್ಪನ ಎರಡನೆಯ ಹೆಂಡತಿಯೂ ಚಿಕ್ಕಮ್ಮ. ಆ ನೆಂಟರು ಯಾವ ಅರ್ಥದಲ್ಲಿ ಹೇಳುತ್ತಿದ್ದಾರೆಂದು ಅವರ ದನಿಯಲ್ಲೇ ಗೊತ್ತಾಗುತ್ತಿತ್ತು. ಇಲ್ಲಿಗೆ ಬಂದ ಮೇಲೆ ಅವಳು ನನ್ನನ್ನು ಆಂಟಿ ಎಂದಳು. ಎದುರು ಕಟ್ಟಡದ ಮಲಯಾಳಿ ಹೆಂಗಸು ಆಂಟಿ, ಸಂಗೀತದ ಟೀಚರು ಆಂಟಿ, ನಾನೂ ಆಂಟಿ. ಅವಳೇ ಆರಿಸಿಕೊಂಡದ್ದಲ್ಲವೇ ಎಂದು ನಾನು ಸುಮ್ಮನಾದೆ. ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಅವಳು ಇಂಗ್ಲಿಷಿನಲ್ಲಿ ಒಂದೊಂದು ಮಾತಿನ ಉತ್ತರ ಕೊಡುತ್ತಿದ್ದಳು. ಗಂಡ ಆಫೀಸಿನಿಂದ ಬಂದ ಮೇಲೆಯೇ ಮನೆಯಲ್ಲಿ ಮಾತು ಕೇಳಿಸುತ್ತಿತ್ತು.

ಒಂದು ಸಂಜೆ ನಾವಿಬ್ಬರೂ ತರಕಾರಿ ಚೀಲ ಹಿಡಿದು ಒಳಗೆ ಬರುವಾಗ ಕೆಳಗಿನ ಮನೆಯವರು ಬಾಗಿಲಲ್ಲಿ ನಿಂತಿದ್ದರು. ಇಲ್ಲಿ ಹೆಂಗಸರನ್ನು ಮಕ್ಕಳ ಹೆಸರಿನಿಂದ ಕರೆಯುವುದು ರೂಢಿ. ಇಂಥವರ ತಾಯಿ ಎಂಬ ಅರ್ಥದಲ್ಲಿ 'ಉಮ್ಮ್' ಎಂದು ಹೇಳಿ, ಮುಂದಕ್ಕೆ ಮಗುವಿನ ಹೆಸರು ಸೇರಿಸುತ್ತಾರೆ. ಅವರು ಹುಡುಗಿಯ ಹೆಸರು ಸೇರಿಸಿ ನನ್ನನ್ನು ಹಾಗೆಯೇ ಕರೆದರು.

"ಶಿ ಈಸ್ ನಾಟ್ ಮೈ ಮದರ್" ಎಂದ ಹುಡುಗಿ ಚೀಲವನ್ನು ಅಲ್ಲೇ ಎಸೆದು ಮೆಟ್ಟಿಲು ಹತ್ತಿ ಓಡಿದಳು.

ನಾನು ಚೆಲ್ಲಿದ ಟೊಮ್ಯಾಟೊ ಹೆಕ್ಕತೊಡಗಿದೆ. ಆಕೆ ನನ್ನನ್ನು ಒಳಗೆ ಕರೆದು ಕೂಡಿಸಿ, ಖರ್ಜೂರದ ತಟ್ಟೆ ಮುಂದಿಟ್ಟು, ಪುಟ್ಟ ಬಟ್ಟಲಿಗೆ ಕಹ್ವಾ ಎಂಬ ಅರಬ್ಬಿ ಕಾಫಿ ಬಗ್ಗಿಸಿದರು. "ಶ್ವಯ್ ಶ್ವಯ್ ಬೇಟಿ. ನಿಧಾನ. ನಾನೂ ಅಪ್ಪನ ಎರಡನೇ ಹೆಂಡತಿ ಕೈಯಲ್ಲೇ ಬೆಳೆದವಳು. ಖಾಲಾ ಅಂತಿದ್ದೆ. ಖಾಲಾ ಅಂದ್ರೆ ಅಮ್ಮನ ತಂಗಿ. ಹಾಗನ್ನೋಕೆ ನನಗೂ ಬಹಳ ಕಾಲ ಹಿಡೀತು" ಎಂದರು.

ಅದಾದ ಕೆಲವು ವಾರಗಳಿಗೆ ಶಾಲೆಯಲ್ಲಿ ಇಂಗ್ಲಿಷ್ ಟೀಚರು ಮಕ್ಕಳಿಗೊಂದು ಕೆಲಸ ಕೊಟ್ಟರು. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ನೆಂಟಸ್ತನಕ್ಕೆ ಇದ್ದ ಮಾತುಗಳಲ್ಲಿ ಯಾವುದಾದರೂ ಒಂದನ್ನು ಆರಿಸಿಕೊಂಡು, ಅದರ ಹುಟ್ಟು ಮತ್ತು ಅರ್ಥದ ಬಗ್ಗೆ ತರಗತಿಯಲ್ಲಿ ಮಾತಾಡಬೇಕು. ಹುಡುಗಿ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದುಕೊಂಡು ಒಂದೊಂದನ್ನೇ ಗಟ್ಟಿಯಾಗಿ ಓದಿಕೊಳ್ಳುತ್ತಿದ್ದಳು. ನಾನು ಅದೇ ಮೇಜಿನ ತುದಿಯಲ್ಲಿ ಹುರುಳಿಕಾಯಿ ಸೋಸುತ್ತಿದ್ದೆ.

"ಸ್ನೋರು," ಎಂದಳು. "ಡಾಟರ್ ಇನ್ ಲಾ. ಎಷ್ಟು ಫನ್ನಿ ಆಗಿದೆ!"

ನಾನು ತಡೆಯಲಾರದೆ, "ಸ್ನುಷಾ ಥರಾನೇ ಇದೆಯಲ್ಲ. ಸಂಸ್ಕೃತದಲ್ಲಿ ಸೊಸೆಗೆ ಸ್ನುಷಾ ಅಂತಾರೆ. ನಮ್ಮ ಸೊಸೆ ಅನ್ನೋ ಮಾತು ಅದರಿಂದಲೇ ಬಂದಿದ್ದು ಅಂತ ನಮ್ಮ ಕನ್ನಡ ಮೇಷ್ಟ್ರು ಹೇಳ್ತಿದ್ರು" ಎಂದೆ.

ಅವಳು ಟಕಟಕ ಟೈಪ್ ಮಾಡಿ ನೋಡಿದಳು. ಆಮೇಲೆ ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದಳು. ಎರಡೂ ಒಂದೇ ಬೇರಿನವು ಎಂದು ಅಲ್ಲಿ ಬರೆದಿತ್ತು. ಅವಳು ನನಗೆ ತಾನಾಗಿ ಏನನ್ನಾದರೂ ತೋರಿಸಿದ್ದು ಅದೇ ಮೊದಲು. ಹುರುಳಿಕಾಯಿ ಅಷ್ಟಕ್ಕೇ ಬಿಟ್ಟು ಕುರ್ಚಿ ಹತ್ತಿರ ಎಳೆದುಕೊಂಡೆ.

ಆಮೇಲೆ ಇಬ್ಬರೂ ಸೇರಿ ಹುಡುಕಿದೆವು. ಇಂಗ್ಲಿಷಿನಲ್ಲಿ ಎಲ್ಲರಿಗೂ ಅಂಕಲ್, ಆಂಟಿ ಎನ್ನುವುದನ್ನು ನಾನು ಸದಾ ಬಡತನವೆಂದೇ ತಿಳಿದಿದ್ದೆ. ಆದರೆ ಹಿಂದೆ ಅವರಲ್ಲೂ ಅಪ್ಪನ ತಮ್ಮನಿಗೊಂದು ಮಾತು, ಸೋದರಮಾವನಿಗೆ ಇನ್ನೊಂದು. ಅತ್ತೆಗೆ ಬೇರೆ, ಅಮ್ಮನ ಅಕ್ಕತಂಗಿಯರಿಗೆ ಬೇರೆ ಇದ್ದವು. ಫ್ರೆಂಚ್ ಮಾತಾಡುವ ದೊರೆಗಳ ಆಳ್ವಿಕೆ ಬಂದ ಮೇಲೆ ಅಂಕಲ್, ಆಂಟ್ ಎಂಬ ಮಾತುಗಳು ಬಂದು ಅವುಗಳ ಜಾಗದಲ್ಲಿ ಕೂತವಂತೆ.

"ಅಂದ್ರೆ ಇಂಗ್ಲಿಷ್ ಕೂಡ ಒಂದು ಕಾಲದಲ್ಲಿ ನಮ್ಮ ಥರಾನೇ ಇತ್ತಾ?" ಎಂದಳು. ಅವಳು ಕನ್ನಡದಲ್ಲಿ ಕೇಳಿದ್ದಳು. ಅದು ಅವಳ ಗಮನಕ್ಕೆ ಬಂದಿರಲಿಲ್ಲ. ನಾನೂ ತೋರಗೊಡಲಿಲ್ಲ.

ಮರುದಿನ ಶುಕ್ರವಾರ, ರಜೆ. ಕೆಳಗಿನ ಮನೆಯವರಿಗೆ ಕೊಡಲು ಚಿರೋಟಿ ತೆಗೆದುಕೊಂಡು ಹೊರಟಾಗ ಅವಳೂ ಜೊತೆಗೆ ಬಂದಳು. ಓಡಿಹೋದ ಸಂಜೆಯ ನಂತರ ಆ ಮನೆಗೆ ಅವಳು ಕಾಲಿಟ್ಟಿರಲಿಲ್ಲ. ಆಕೆ ಏನನ್ನೂ ನೆನಪಿಸದೆ, ಏನು ಓದುತ್ತಿದ್ದೀಯ ಎಂದು ಕೇಳಿದರು. ಹಳೆಯ ಇಂಗ್ಲಿಷಿನಲ್ಲಿ ಮೊಣಕಾಲು ಎಂಬ ಮಾತಿಗೆ ತಲೆಮಾರು ಎಂಬ ಅರ್ಥವೂ ಇತ್ತೆಂದು ಹುಡುಗಿ ಹಿಂದಿಯಲ್ಲಿ ವಿವರಿಸಿದಳು. ಆಕೆ ಗಹಗಹಿಸಿ ನಕ್ಕು, ತಮ್ಮ ತೊಡೆಗೆ ಬಡಿದುಕೊಂಡರು.

"ಫಖ್ದ್! ನಮ್ಮಲ್ಲಿ ಕುಲದ ಒಂದು ಕವಲಿಗೆ ಫಖ್ದ್ ಅಂತೀವಿ. ಅಂದ್ರೆ ಇದೇ, ತೊಡೆ. ನಿಮ್ಮಲ್ಲಿ ಏನಂತೀರಿ?"

"ತಲೆ," ಎಂದೆ. "ತಲೆಮಾರು."

"ಇಂಗ್ಲಿಷರಿಗೆ ಮೊಣಕಾಲು, ನಮಗೆ ತೊಡೆ, ನಿಮಗೆ ತಲೆ. ಮೂವರನ್ನೂ ಸೇರಿಸಿದ್ರೆ ಒಬ್ಬ ಮನುಷ್ಯ ಆಗ್ತಾನೆ, ಅಲ್ವಾ?" ಎಂದು ಆಕೆ ಕಣ್ಣೀರು ಬರುವಷ್ಟು ನಕ್ಕರು. ಹುಡುಗಿಯೂ ನಕ್ಕಳು. ಅವಳು ಬಾಯ್ತುಂಬ ನಕ್ಕದ್ದನ್ನು ನಾನು ನೋಡಿಯೇ ಇರಲಿಲ್ಲ.

ಅವಳು ಮೊಣಕಾಲನ್ನೇ ಆರಿಸಿಕೊಳ್ಳುತ್ತಾಳೆಂದು ನಾನು ಅಂದುಕೊಂಡಿದ್ದೆ. ತರಗತಿಯಲ್ಲಿ ಮಾತಾಡಬೇಕಾದ ದಿನ ಹತ್ತಿರವಾದಾಗ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು.

"ಆಂಟಿ, ಸ್ಟೆಪ್ ಮದರ್ ಅಂತಾರಲ್ಲ, ಆ ಸ್ಟೆಪ್ ಅಂದ್ರೆ ಏನು ಗೊತ್ತಾ?"

ನಾನು ಒಗ್ಗರಣೆ ಸೌಟನ್ನು ಕೆಳಗಿಟ್ಟೆ. "ಮೆಟ್ಟಿಲು ಅಂತ ಅಂದ್ಕೊಂಡಿದ್ದೆ. ನಿಜವಾದ ಅಮ್ಮನಿಗಿಂತ ಒಂದು ಮೆಟ್ಟಿಲು ಕೆಳಗಿನವಳು ಅಂತ."

"ಅಲ್ಲ. ಅದು ಬೇರೆ ಪದ. ಇದು ಓಲ್ಡ್ ಇಂಗ್ಲಿಷಿನ ಸ್ಟೇಓಪ್‌ನಿಂದ ಬಂದಿದ್ದು. ಯಾರನ್ನೋ ಕಳ್ಕೊಂಡೋರು ಅಂತ ಅರ್ಥ. ಸ್ಟೆಪ್ ಚೈಲ್ಡ್ ಅಂದ್ರೆ ಮೊದಲು ಬರೀ ಆರ್ಫನ್ ಅಂತ ಇತ್ತು." ಬಾಗಿಲ ಚೌಕಟ್ಟನ್ನು ಉಗುರಿನಿಂದ ಕೆರೆದಳು. "ಹಾಗಾದ್ರೆ ಅದು ನಿಮ್ಮ ಬಗ್ಗೆ ಇರೋ ಮಾತೇ ಅಲ್ಲ. ನನ್ನ ಬಗ್ಗೆ."

ಒಲೆ ಆರಿಸಿದೆ. "ನಿಮ್ಮಮ್ಮನ ಬಗ್ಗೆ ನನಗೆ ಏನೂ ಗೊತ್ತಿಲ್ಲ. ಕೇಳೋಕೆ ಹೆದರ್ತಿದ್ದೆ. ನಿನಗೆ ಹೇಳಬೇಕು ಅನ್ನಿಸಿದ್ರೆ ನಾನು ಕೇಳ್ತೀನಿ" ಎಂದೆ.

ಅವಳು ನೆಲದ ಮೇಲೆ ಕೂತಳು. ನಾನೂ ಕೂತೆ. ಅಮ್ಮ ಕಾರಿನಲ್ಲಿ ಹಾಡು ಹೇಳುತ್ತಿದ್ದದ್ದು, ಜೀರಿಗೆ ಕಂಡರೆ ಆಗದಿದ್ದದ್ದು, ಅಲ್ ಖೌದ್‌ನ ಹಳೆಯ ಕೋಟೆಯ ಹತ್ತಿರ ಮಳೆ ಬಂದು ವಾದಿ ಎಂಬ ಒಣಹಳ್ಳದಲ್ಲಿ ನೀರು ಹರಿದ ದಿನ ಚಪ್ಪಲಿ ಕೈಯಲ್ಲಿ ಹಿಡಿದು ಕುಣಿದದ್ದು. ಆಸ್ಪತ್ರೆಯ ಮಾತನ್ನು ಅವಳು ಎತ್ತಲಿಲ್ಲ. ಅತ್ತಳು. ನಾನು ಬೆನ್ನ ಮೇಲೆ ಕೈಯಿಟ್ಟೆ, ಅವಳು ಕೊಡವಲಿಲ್ಲ. ಅಂದಿನಿಂದ ನಮ್ಮ ಮನೆಯಲ್ಲಿ ತೀರಿಕೊಂಡವರ ಹೆಸರು ದಿನನಿತ್ಯದ ಮಾತಿನಲ್ಲಿ ಬರತೊಡಗಿತು. ಮೊದಮೊದಲು ಗಂಡ ಬೆಚ್ಚಿ ನನ್ನ ಮುಖ ನೋಡುತ್ತಿದ್ದ. ಬರುಬರುತ್ತ ಅವನೂ ಹೇಳಲು ಶುರುಮಾಡಿದ.

ಅವಳು ತರಗತಿಯಲ್ಲಿ ಮಾತಾಡಿದ್ದು ಸ್ಟೆಪ್ ಬಗ್ಗೆಯೇ. ಅಂದು ಸಂಜೆ ಶಾಲೆಯ ಬಸ್ಸಿನಿಂದ ಇಳಿದವಳೇ ಬ್ಯಾಗನ್ನು ನನ್ನ ಕೈಗೆ ಕೊಟ್ಟು, "ನಿಮಗೆ ಒಂದು ಹೆಸರು ಹುಡುಕಿದೀನಿ. ಮೋದ್ರಿಯೆ" ಎಂದಳು.

"ಏನು ಹಾಗಂದ್ರೆ?"

"ಅಮ್ಮನ ತಂಗಿ. ಓಲ್ಡ್ ಇಂಗ್ಲಿಷ್. ಈಗ ಯಾರೂ ಯೂಸ್ ಮಾಡಲ್ಲ, ಅದಕ್ಕೆ ಅದನ್ನ ನಾವೇ ಇಟ್ಕೊಳ್ಳಬಹುದು."

ಹಾಗೆ ನಾನು ಮೋದ್ರಿಯೆ ಆದೆ. ಕೂಗಿ ಕರೆದರೆ ಅಪ್ಪಟ ಕನ್ನಡದ ಹಾಗೇ ಕೇಳಿಸುತ್ತಿತ್ತು. ಕೆಳಗಿನ ಮನೆಯವರಂತೂ ಅದು ಮೈಸೂರಿನ ಮಾತೆಂದೇ ನಂಬಿದರು.

ಮುಂದಿನ ಚಳಿಗಾಲದಲ್ಲಿ ಹುಡುಗಿಯ ಅಜ್ಜಿ, ಎಂದರೆ ತೀರಿಕೊಂಡವಳ ತಾಯಿ, ಮೊಮ್ಮಗಳನ್ನು ನೋಡಲು ವಿಸಿಟ್ ವೀಸಾದ ಮೇಲೆ ಬಂದರು. ತೀರಿಕೊಂಡವಳು ಅವರ ಒಬ್ಬಳೇ ಮಗಳು. ನಮ್ಮ ಮದುವೆಗೆ ಅವರು ಬಂದಿರಲಿಲ್ಲ. ಅವರು ಫೋನಿನಲ್ಲಿ ಮೊಮ್ಮಗಳ ಜೊತೆ ಮಾತಾಡುವಾಗ ನಾನು ಆಚೆ ಕೋಣೆಗೆ ಹೋಗುತ್ತಿದ್ದೆ. ಏರ್‌ಪೋರ್ಟಿನಿಂದ ಬರುವ ದಾರಿಯುದ್ದಕ್ಕೂ ಅವರು ನನ್ನನ್ನು "ನೀವು" ಎಂದೇ ಮಾತಾಡಿಸಿದರು. ಅವರಿಗೆ ಜೀರಿಗೆ ಆಗುತ್ತದೋ ಇಲ್ಲವೋ ಎಂದು ಹೆದರಿ ನಾನು ಸಾರಿಗೆ ಅದನ್ನು ಹಾಕಲೇ ಇಲ್ಲ.

ಊಟಕ್ಕೆ ಕೂತಾಗ ಹುಡುಗಿ, "ಮೋದ್ರಿಯೆ, ಉಪ್ಪಿನಕಾಯಿ" ಎಂದಳು.

ಅಜ್ಜಿ ತುತ್ತು ನಿಲ್ಲಿಸಿದರು. "ಅದೇನೇ ಅದು, ಹಾಗೆ ಕರೀತೀಯ?"

"ಅಮ್ಮನ ತಂಗಿ ಅಂತ, ಅಜ್ಜಿ."

ಗಂಡ ತಟ್ಟೆ ನೋಡುತ್ತ ಕೂತ. ನನಗೆ ಎದ್ದು ಹೋಗಿಬಿಡೋಣವೆನ್ನಿಸಿತು. ಅಜ್ಜಿ ಸಾರನ್ನದಲ್ಲಿ ಬೆರಳಾಡಿಸುತ್ತ ಬಹಳ ಹೊತ್ತು ಯೋಚಿಸಿದರು.

"ನಿಮ್ಮಮ್ಮನ ತಂಗಿ ಅಂದ್ರೆ," ಎಂದರು ಕೊನೆಗೆ, "ನನಗೆ ಮಗಳಾಗಬೇಕಲ್ಲ."

ಅವರು ನನ್ನತ್ತ ತಿರುಗಿ, "ಸಾರಿಗೆ ಜೀರಿಗೆ ಹಾಕಿಲ್ಲ. ನಾಳೆ ಹಾಕು. ಜೀರಿಗೆ ಆಗದೇ ಇದ್ದದ್ದು ಅವಳಿಗೆ, ನನಗಲ್ಲ" ಎಂದರು. 'ನೀವು' ಹೋಗಿ 'ಹಾಕು' ಬಂದದ್ದನ್ನು ನಾನು ಅಡುಗೆಮನೆಗೆ ಹೋಗಿ ನಿಂತು ಮತ್ತೆ ಮತ್ತೆ ನೆನೆದುಕೊಂಡೆ.

ಹೊರಡುವ ದಿನ ಅವರು ನನಗೆ ಮಡಿಲಕ್ಕಿ ಕಟ್ಟಿದರು. ಹೋಗುವವರು ಇರುವವರಿಗೆ ಮಡಿಲು ತುಂಬುವುದು ಎಲ್ಲಿಯ ಪದ್ಧತಿ ಎಂದು ನಾನು ಸಂಕೋಚಪಟ್ಟರೂ ಅವರು ಕೇಳಲಿಲ್ಲ. ಸೂಪರ್‌ಮಾರ್ಕೆಟ್ಟಿನ ಬಾಸ್ಮತಿ ಅಕ್ಕಿ, ಒಮಾನಿನದೇ ಆದ ಸಲಾಲಾದ ತೆಂಗಿನಕಾಯಿ, ಒಂದು ಅಚ್ಚು ಬೆಲ್ಲ. ಹುಡುಗಿ ತಟ್ಟೆ ಹಿಡಿದು ಪಕ್ಕದಲ್ಲಿ ನಿಂತಿದ್ದಳು. ನಾನು ಸೆರಗೊಡ್ಡಿದೆ.

ಈ ಸಲ ಗೌರಿ ಹಬ್ಬಕ್ಕೆ ಹುಡುಗಿಯೂ ನಾನೂ ತಮ್ಮ ಮನೆಗೆ ಬರಬೇಕೆಂದು ಅವರು ಮೊನ್ನೆ ಫೋನು ಮಾಡಿದ್ದರು. ಟಿಕೆಟ್ ಆಗಿದೆ. ಬಾಗಿನದ ಮೊರಕ್ಕೆ ಇಲ್ಲಿಂದ ಖರ್ಜೂರ ಒಯ್ಯಬಹುದೇ ಎಂದು ಹುಡುಗಿ ಕೇಳುತ್ತಿದ್ದಾಳೆ. ಒಯ್ಯೋಣ ಎಂದಿದ್ದೇನೆ.